ಹಸುವಿನ ಪ್ರೊಲ್ಯಾಕ್ಟಿನ್ ಗ್ರಾಫ್ ಕೊನೆಗೂ ನೆಟ್ಟಗೆ ಬಂತು

ಪ್ರೊಲ್ಯಾಕ್ಟಿನ್ ಎಂದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬಿಡುವ, ಹಾಲಿಗೆ ಸಂಬಂಧಿಸಿದ ಹಾರ್ಮೋನ್. ಟಿಆರ್‌ಎಚ್ ಎಂಬ ಇನ್ನೊಂದು ಹಾರ್ಮೋನ್ ಕೊಟ್ಟಾಗ ಅದು ರಕ್ತದಲ್ಲಿ ಹೇಗೆ ಏರುತ್ತದೆ ಎಂದು ನೋಡುವುದೇ ಈ ಪರೀಕ್ಷೆ. ಬೆಂಗಳೂರಿನ ಏಪ್ರಿಲ್ ಬಿಸಿಲಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿಯಿಂದ ಸ್ಥಿರ ಬೇಸ್‌ಲೈನ್ (ಟಿಆರ್‌ಎಚ್ ಕೊಡುವ ಮೊದಲಿನ ಮಟ್ಟ) ಸಿಗುವುದೇ ಇಲ್ಲ ಎಂದು ಹೇಳಿದವರೇ ಹೆಚ್ಚು. ಈಗ ಆರು ಹಸುಗಳಲ್ಲಿ ಐದರ ಪ್ರೊಲ್ಯಾಕ್ಟಿನ್ ಟಿಆರ್‌ಎಚ್‌ಗೆ ಸ್ಪಷ್ಟವಾಗಿ ಏರಿ ಇಳಿದಿದೆ. ತಪ್ಪು ಪಿಟ್ಯುಟರಿಯಲ್ಲಿರಲಿಲ್ಲ, ನಾವು ಹಾಕುತ್ತಿದ್ದ ಹಗ್ಗದಲ್ಲಿತ್ತು.

ಪ್ರತಿ ಸಲ ತಲೆ ಬಿಗಿದು ಸೂಜಿ ಚುಚ್ಚಿದಾಗ, ಟಿಆರ್‌ಎಚ್ ಕೊಡುವ ಮೊದಲೇ ಪ್ರೊಲ್ಯಾಕ್ಟಿನ್ ಮಿಲಿಲೀಟರಿಗೆ 20ರಿಂದ 90 ನ್ಯಾನೊಗ್ರಾಂವರೆಗೆ ಕುಣಿಯುತ್ತಿತ್ತು. ಅದು ಗಾಬರಿಯಿಂದ ಏರಿದ ಪ್ರೊಲ್ಯಾಕ್ಟಿನ್. ಅದಕ್ಕೂ ಮೊದಲು ಅಗ್ಗವೆಂದು ಮನುಷ್ಯರ ಪ್ರೊಲ್ಯಾಕ್ಟಿನ್ ಅಳೆಯುವ ಕಿಟ್ ತಂದು ಸುಮಾರು 18,000 ರೂಪಾಯಿ ಕಳೆದಿದ್ದೆ: ಅದರ ಆಂಟಿಬಾಡಿಗೆ (ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ದನದ ಪ್ರೊಲ್ಯಾಕ್ಟಿನ್ ಗುರುತೇ ಸಿಗಲಿಲ್ಲ, ಸ್ಯಾಂಪಲ್ ಹಾಕಿದ ಪ್ಲೇಟ್‌ನಲ್ಲಿ ಫಲಿತಾಂಶವೇ ಇಲ್ಲ. ದನದ್ದೇ ಕಿಟ್‌ಗೆ ಆಗ 50–55 ಸಾವಿರ ಆಗಿತ್ತು. ಅದರಲ್ಲಿ ಅರ್ಧ ಪ್ಲೇಟ್ ಗಾಬರಿಯ ಸ್ಯಾಂಪಲ್‌ಗಳಿಗೇ ಹೋಯಿತು.

ಈಗ ಹಿಂದಿನ ಸಂಜೆಯೇ ಜುಗುಲರ್‌ಗೆ (ಕತ್ತಿನ ರಕ್ತನಾಳಕ್ಕೆ) ಕ್ಯಾತಿಟರ್ (ತೆಳು ಕೊಳವೆ) ಹಾಕಿ, ಎರಡು ಮೀಟರ್ ನಳಿಕೆಯನ್ನು ಭುಜದ ಮೇಲಿಂದ ತಡಿಕೆಯಾಚೆಗೆ ಒಯ್ಯುತ್ತೇನೆ. ಹಸು ಮೆಲುಕು ಹಾಕುತ್ತಿರುವಾಗಲೇ ರಕ್ತ ಬರಬೇಕು. ಕತ್ತಿನ ಬಳಿ ನಳಿಕೆ ಮಡಚದಂತೆ ಕಟ್ಟುವ ರೀತಿ ಸದ್ಯಕ್ಕೆ ನನ್ನಲ್ಲೇ ಇರಲಿ. ರಕ್ತ ಹೆಪ್ಪುಗಟ್ಟದಂತೆ ನಳಿಕೆಗೆ ಹೆಪಾರಿನ್ ಸಲೈನ್ ತುಂಬಿಟ್ಟು, ಪ್ರತಿ ಸಲ ಮೊದಲ 5 ಮಿಲಿ ಚೆಲ್ಲಿ. ಆರನೇ ಹಸುವಿನ ಪರೀಕ್ಷೆ ಕೆಟ್ಟದ್ದು ರಾತ್ರಿ ಒಮ್ಮೆ ಫ್ಲಶ್ (ಸಲೈನ್ ತಳ್ಳುವುದು) ತಪ್ಪಿ ನಳಿಕೆಯಲ್ಲಿ ಹೆಪ್ಪುಗಟ್ಟಿದ್ದರಿಂದ.

ಹಾಲು ಕರೆದು ಕನಿಷ್ಠ ಮೂರು ಗಂಟೆ ಬಿಡಿ. ಕರೆಯುವುದೇ ಪ್ರೊಲ್ಯಾಕ್ಟಿನ್ ಬಿಡಿಸುತ್ತದೆ. ಬೇಸ್‌ಲೈನ್‌ಗೆ 15 ನಿಮಿಷಕ್ಕೊಂದರಂತೆ ನಾಲ್ಕು ಸ್ಯಾಂಪಲ್, ಬಳಿಕ 450 ಕೆಜಿ ಹಸುವಿಗೆ ಸುಮಾರು 150 ಮೈಕ್ರೊಗ್ರಾಂ ಟಿಆರ್‌ಎಚ್. ಕೂಡಲೇ 20 ಮಿಲಿ ಸಲೈನ್ ತಳ್ಳಿ. ಇಲ್ಲದಿದ್ದರೆ ನಳಿಕೆಯಲ್ಲುಳಿದದ್ದು ಮುಂದಿನ ಫ್ಲಶ್‌ನೊಂದಿಗೆ ಹೋಗಿ ಎರಡನೇ ಸುಳ್ಳು ಶಿಖರ ಮೂಡುತ್ತದೆ. ಎರಡು ಹಸುಗಳಲ್ಲಿ ಅದನ್ನು ನಿಜವೆಂದೇ ನಂಬಿದ್ದೆ. ಶಿಖರ 10–20 ನಿಮಿಷಕ್ಕೆ, ಎರಡು ಗಂಟೆಯೊಳಗೆ ಬಹುತೇಕ ಇಳಿಕೆ. ಶಿಖರದ ಪ್ಲಾಸ್ಮಾವನ್ನು ಐದು ಪಟ್ಟು ತೆಳುಮಾಡದಿದ್ದರೆ ಸ್ಟ್ಯಾಂಡರ್ಡ್ ಕರ್ವ್ (ಕಿಟ್ ಅಳೆಯಬಲ್ಲ ಮಿತಿ) ದಾಟುತ್ತದೆ.

ಹಸು ಶಾಂತವಾಗಿರಲೆಂದು ಅಸೆಪ್ರೊಮಜಿನ್ ಎಂಬ ಶಮನಕ ಔಷಧ ಕೊಡಬೇಡಿ. ಪ್ರೊಲ್ಯಾಕ್ಟಿನ್ನನ್ನು ತಡೆದಿಡುವ ಡೋಪಮಿನ್ನಿನ ಬ್ರೇಕ್ ಬಿಟ್ಟುಹೋಗಿ ಪ್ರೊಲ್ಯಾಕ್ಟಿನ್ ತಾನಾಗಿ ಏರುತ್ತದೆ. ಅದೇ ದಾರಿಯಲ್ಲಿ, ಡೋಪಮಿನ್ ತಡೆಯುವ ಮೆಟೊಕ್ಲೊಪ್ರಮೈಡ್ ಕೊಟ್ಟು ನೋಡಿದೆ: ತೀರಾ ಕಡಿಮೆ ಖರ್ಚು, ಒಳ್ಳೆಯ ಏರಿಕೆ, ಇಳಿಯಲು ಮಾತ್ರ ತಡ. ಬಿಸಿಲಿಗೂ ಬೇಸ್‌ಲೈನ್ ಏರುತ್ತದೆ. ನನ್ನ ಹಸುಗಳಲ್ಲಿ ಏಪ್ರಿಲ್ ಮಧ್ಯಾಹ್ನದ್ದು ಡಿಸೆಂಬರ್ ಬೆಳಗಿನ ಎರಡು-ಮೂರು ಪಟ್ಟು. ಹಾಗಾಗಿ ಮೊದಲ ಸ್ಯಾಂಪಲ್ ಬೆಳಗಿನ ಐದೂವರೆಗೆ, ಹಾಲು ಕರೆಯುವುದು ಕೊನೆಯ ಸ್ಯಾಂಪಲ್ ಆದ ಮೇಲೆ.