ಮೇಜಿನ ಕಾಲು ಕೆಳಗೆ ಹೋಗುತ್ತಾ ಸಣ್ಣಗಾಗಲಿ

ನಮ್ಮ ಮೈಸೂರು, ಮಂಡ್ಯ ಕಡೆ ಊಟದ ಮೇಜು ಮಾಡಿಸಲು ಹೋದರೆ ಸಾಮಾನ್ಯವಾಗಿ ಎರಡು ಥರದ ಕಾಲು ತೋರಿಸುತ್ತಾರೆ. ಮೇಲಿಂದ ಕೆಳಗೆ ಒಂದೇ ದಪ್ಪದ ಚೌಕ ಕಾಲು, ಇಲ್ಲವಾದರೆ ಲೇತ್‌ನಲ್ಲಿ ಕಡೆದ ದುಂಡು ಕಾಲು. ಮೂರನೆಯದೊಂದಿದೆ. ಮೇಲೆ ದಪ್ಪ, ಕೆಳಗೆ ಹೋಗುತ್ತಾ ಸಣ್ಣ. ಇದಕ್ಕೆ ಲೇತ್ ಬೇಡ. ಗರಗಸ, ಮರ ಹೆರೆಯುವ ಹತ್ತರಿ, ಉಳಿ, ಮೂಲೆ ನೆಟ್ಟಗಿದೆಯಾ ನೋಡುವ ಮೂಲೆಮಟ್ಟ ಇದ್ದರೆ ಮನೆಯ ಹಿತ್ತಲಲ್ಲೇ ಮಾಡಬಹುದು.

ಇಷ್ಟು ಸಣ್ಣ ಕಾಲು ಭಾರ ತಡೆಯುತ್ತಾ ಅನ್ನುವುದು ಎಲ್ಲರ ಅನುಮಾನ. ಖಂಡಿತ ತಡೆಯುತ್ತದೆ. ನೇರ ಕೆಳಕ್ಕೆ ಬೀಳುವ ಭಾರಕ್ಕೆ ಒಂದೂಕಾಲು ಇಂಚು ದಪ್ಪದ ತೇಗ ಧಾರಾಳವಾಯಿತು. ಕಾಲು ಮುರಿಯುವುದು, ಅಲ್ಲಾಡಲು ಶುರುವಾಗುವುದು ಮೇಜನ್ನು ಪಕ್ಕಕ್ಕೆ ತಳ್ಳಿದಾಗ, ನೆಲದ ಮೇಲೆ ದರದರ ಎಳೆದಾಗ. ಆಗ ಕಾಲನ್ನು ಬಗ್ಗಿಸುವ ಒತ್ತಡ ಪಾದದ ಹತ್ತಿರ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಮೇಲೆ ಹೋಗುತ್ತಾ ಏರಿ, ಹಲಗೆಯ ಕೆಳಗೆ ಕಾಲಿಂದ ಕಾಲಿಗೆ ಹಾಯುವ ಪಟ್ಟಿ ಕಾಲಿಗೆ ಸೇರುವ ಜಾಗದಲ್ಲಿ ಎಲ್ಲಕ್ಕಿಂತ ಜಾಸ್ತಿ. ಮರ ಬೇಕಾಗಿರುವುದು ಅಲ್ಲಿ. ಕೆಳಗೆ ದಪ್ಪ ಇಡುವುದು ಬರೀ ತೂಕ.

ಈಗ ಅಳತೆ. ಮೇಜು 30 ಇಂಚು ಎತ್ತರ, ಮೇಲಿನ ಹಲಗೆ 1 ಇಂಚು ಅಂದುಕೊಳ್ಳಿ. ಕಾಲಿನ ಉದ್ದ 29 ಇಂಚು. ಮೇಲೆ ಎರಡೂಕಾಲು ಇಂಚು ಚೌಕ, ಪಾದದಲ್ಲಿ ಒಂದೂಕಾಲು. ಪಟ್ಟಿ 4 ಇಂಚು ಅಗಲ. ಓರೆ, ಅಂದರೆ ಕಾಲು ಸಣ್ಣಗಾಗುವ ಇಳಿಜಾರು, ಶುರುವಾಗಬೇಕಾದದ್ದು ಪಟ್ಟಿಗಿಂತ ಒಂದು ಇಂಚು ಕೆಳಗೆ, ಅಂದರೆ ಕಾಲಿನ ಮೇಲಿನ ತುದಿಯಿಂದ 5 ಇಂಚಿಗೆ. ಉಳಿದ 24 ಇಂಚಿನಲ್ಲಿ 1 ಇಂಚು ಇಳಿಯಬೇಕು. ಡಿಗ್ರಿ ಲೆಕ್ಕ ಹಾಕುತ್ತಾ ಕೂರಬೇಡಿ. ಶುರುವಿನ ಗೀಟು, ಪಾದದ ಅಳತೆ, ಎರಡನ್ನು ಸೇರಿಸುವ ಗೆರೆ, ಅಷ್ಟೇ.

ಓರೆ ಯಾವ ಮುಖಕ್ಕೆ ಹೊಡೆಯಬೇಕು ಅನ್ನುವುದು ಮುಖ್ಯ. ನನ್ನ ಪ್ರಕಾರ ಒಳಗಿನ ಎರಡು ಮುಖಕ್ಕೆ ಮಾತ್ರ. ಹೊರಗಿನ ಎರಡು ಮುಖ ನೆಟ್ಟಗಿದ್ದರೆ ಮೇಜು ಕಾಲು ಊರಿ ನಿಂತ ಹಾಗೆ ಕಾಣುತ್ತದೆ. ನಾಲ್ಕೂ ಕಡೆ ಸಣ್ಣ ಮಾಡಿದರೆ, ಅದರಲ್ಲೂ ದೊಡ್ಡ ಊಟದ ಮೇಜಿಗೆ, ಕಾಲುಗಳು ಒಳಗೆ ಸರಿದಂತಾಗಿ ಮೇಜಿನ ಗತ್ತೇ ಹೋಗುತ್ತದೆ.

ಮರ ಕೊಳ್ಳುವಾಗ ಎರಡೂವರೆ ಇಂಚು ಚೌಕದ, 30 ಇಂಚು ಉದ್ದದ ನಾಲ್ಕು ತುಂಡು ಕೇಳಿ. ಎಲ್ಲಾ ಸೇರಿ ಅರ್ಧ ಘನ ಅಡಿಯೂ ಆಗುವುದಿಲ್ಲ. ತೇಗ, ಹೊನ್ನೆ, ಹಲಸು ಯಾವುದಾದರೂ ಸರಿ, ಚೆನ್ನಾಗಿ ಒಣಗಿರಬೇಕು. ಹಲಸು ಮೊದಲು ಹಳದಿಯಾಗಿದ್ದು ವರ್ಷ ಕಳೆದಂತೆ ಕಂದಾಗುತ್ತದೆ, ನನಗೆ ಆ ಬಣ್ಣ ತುಂಬಾ ಇಷ್ಟ. ಹಳೇ ಮನೆ ಕೆಡವಿದಾಗ ಬರುವ ತೊಲೆ ಸಿಕ್ಕರೆ ಬಿಡಬೇಡಿ, ಎಷ್ಟೋ ವರ್ಷ ಒಣಗಿದ ಮರ ಅದು. ಗರಗಸ ಇಡುವ ಮುಂಚೆ ಮೊಳೆ ಇದೆಯಾ ಅಂತ ಮಾತ್ರ ಚೆನ್ನಾಗಿ ನೋಡಿ. ತುಂಡಿನ ತಲೆಯಲ್ಲಿ ವರ್ಷದ ಉಂಗುರಗಳು ಮೂಲೆಯಿಂದ ಮೂಲೆಗೆ ಓರೆಯಾಗಿ ಹಾದಿದ್ದರೆ ಅದನ್ನೇ ಆರಿಸಿ. ಆಗ ನಾಲ್ಕೂ ಮುಖದಲ್ಲಿ ಎಳೆ ನೇರವಾಗಿ ಕಾಣುತ್ತದೆ.

ತುಂಡುಗಳನ್ನು ಎರಡೂಕಾಲು ಇಂಚಿಗೆ ಹತ್ತರಿ ಹಾಕಿ, 29 ಇಂಚಿಗೆ ಕೊಯ್ದು, ಮೇಜಿನಲ್ಲಿ ಹೇಗೆ ನಿಲ್ಲುತ್ತವೋ ಹಾಗೇ ನಾಲ್ಕನ್ನೂ ನಿಲ್ಲಿಸಿ. ಚಂದ ಕಾಣುವ ಮುಖ ಹೊರಗೆ. ತಲೆಯ ಮೇಲೆ 1, 2, 3, 4 ಬರೆಯಿರಿ, ಒಳಮುಖಗಳಿಗೆ ಗುರುತು ಹಾಕಿ.

ಆಮೇಲೆ ಓರೆ ಹೊಡೆಯಬೇಡಿ, ಮೊದಲು ಜೋಡಣೆಯ ತೂತು. ಕಾಲು ಇನ್ನೂ ಚೌಕವಾಗಿರುವಾಗ ಬೆಂಚಿನ ಮೇಲೆ ಅಲ್ಲಾಡದೆ ಕೂರುತ್ತದೆ, ಮೂಲೆಮಟ್ಟ ಸುಳ್ಳು ಹೇಳುವುದಿಲ್ಲ. ಒಳಗಿನ ಎರಡೂ ಮುಖದಲ್ಲಿ, ಮೇಲಿನ ತುದಿಯಿಂದ ಅರ್ಧ ಇಂಚು ಬಿಟ್ಟು, 3 ಇಂಚು ಉದ್ದ, ಮುಕ್ಕಾಲು ಇಂಚಿನ ಅರ್ಧದಷ್ಟು ಅಗಲ, ಒಂದೂಕಾಲು ಇಂಚು ಆಳ ಕೊರೆಯಿರಿ. ಪಟ್ಟಿಯ ತುದಿಯಲ್ಲಿ ಆ ತೂತಿನೊಳಗೆ ಸರಿಯಾಗಿ ಕೂರುವ ನಾಲಿಗೆ ಬಿಡಿ. ಒಳಗೆ ಎರಡು ತೂತು ಕೂಡಿಕೊಂಡರೆ ನಾಲಿಗೆಗಳ ತುದಿಯನ್ನು ಓರೆಯಾಗಿ ಕತ್ತರಿಸಿದರಾಯಿತು.

ಈಗ ಗೆರೆ. ಪಾದದ ಅಡಿಯಲ್ಲಿ, ಹೊರಮೂಲೆಗೆ ಒತ್ತಿಕೊಂಡಂತೆ, ಒಂದೂಕಾಲು ಇಂಚಿನ ಚೌಕ ಬರೆಯಿರಿ. ಓರೆಗೆರೆಯನ್ನು ಹೊರಗಿನ ಎರಡು ಮುಖದ ಮೇಲೆ ಎಳೆಯಿರಿ, ಪೆನ್ಸಿಲ್ ಹಗುರವಾಗಿ. ಅಲ್ಲಿ ಎಳೆದರೆ ಮೊದಲ ಓರೆ ಕೊಯ್ದರೂ ಎರಡನೆಯ ಗೆರೆ ಹೋಗುವುದಿಲ್ಲ. ಕೈಗರಗಸದಲ್ಲಿ ಗೆರೆಯ ಆಚೆ ಸ್ವಲ್ಪ ಬಿಟ್ಟು ಕೊಯ್ಯಿರಿ. ಟೇಬಲ್ ಗರಗಸ ಇದ್ದವರು ಒಂದು ನೇರ ಹಲಗೆಯ ಅಂಚಿಗೆ ಗೆರೆ ಬರುವಂತೆ ಕಾಲನ್ನು ಓರೆಯಾಗಿ ಕೂರಿಸಿ, ಹಿಂದೆ ಮತ್ತು ಪಕ್ಕದಲ್ಲಿ ಮರದ ತುಂಡು ಹೊಡೆದು ತಡೆ ಕೊಡಿ, ಕ್ಲಾಂಪ್‌ನಿಂದಲೇ ಬಿಗಿಯಿರಿ. ಕೈಯಲ್ಲಿ ಹಿಡಿದುಕೊಂಡು ಓಡಿಸಲೇಬೇಡಿ, ಬೆರಳಿಗಿಂತ ಮೇಜು ದೊಡ್ಡದಲ್ಲ. ಎರಡನೆಯ ಸಲ ತಿರುಗಿಸಿದಾಗ ಕೊಯ್ದ ಮುಖ ಮೇಲೆ ಬರಲಿ. ಕೆಳಗೆ ಯಾವಾಗಲೂ ಚಪ್ಪಟೆಯಾದ ಹೊರಮುಖವೇ ಇರಬೇಕು.

ಹತ್ತರಿ ಹೊಡೆಯುವುದು ದಪ್ಪದ ಕಡೆಯಿಂದ ಸಣ್ಣದರ ಕಡೆಗೆ. ತಿರುಗಿಸಿ ಹೊಡೆದರೆ ಎಳೆ ಕಿತ್ತು ಬರುತ್ತದೆ. ಶುರುವಿನ ಗೀಟಿನ ಹತ್ತಿರ ನಿಧಾನ. ಓರೆ ಶುರುವಾಗುವ ಆ ತಿರುವು ಚೂಪಾಗಿ ಉಳಿಯಬೇಕು, ಅದೇ ಈ ಕಾಲಿನ ಅಂದ. ಉಪ್ಪು ಕಾಗದ ಉಜ್ಜುವಾಗಲೂ ಮರದ ತುಂಡಿಗೆ ಸುತ್ತಿ ಉಜ್ಜಿ, ಬರೀ ಬೆರಳಲ್ಲಿ ಒತ್ತಿದರೆ ಆ ಗೆರೆ ಅಳಿಸಿಹೋಗುತ್ತದೆ.

ಫೆವಿಕಾಲ್ ಹಚ್ಚುವ ಮೊದಲು ಒಣದಾಗಿ ಜೋಡಿಸಿ ನೋಡಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಬಂದರೆ ಸರಿ. ಅಂಟು ಹಾಕಿ ಒಂದಿಡೀ ದಿನ ಕ್ಲಾಂಪ್‌ನಲ್ಲೇ ಬಿಡಿ.

ಇನ್ನು ಪಾದ. ಕೆಳಗಿನ ನಾಲ್ಕು ಅಂಚನ್ನೂ ಸಣ್ಣಗೆ ಮುರಿಯಿರಿ, ಇಲ್ಲದಿದ್ದರೆ ಎಳೆದಾಗ ಸಿಬಿರು ಏಳುತ್ತದೆ. ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತೇವಲ್ವಾ, ಆ ನೀರನ್ನು ಪಾದದ ಅಡಿಯ ಅಡ್ಡ ಕೊಯ್ದ ಮರ ಹೀರಿಕೊಂಡು ಕಪ್ಪಾಗುತ್ತದೆ. ಪಾಲಿಶ್ ಮಾಡುವಾಗ ಮೇಜು ತಲೆಕೆಳಗಾಗಿಸಿ, ಪಾದಕ್ಕೆ ಬೇರೆ ಕಡೆಗಿಂತ ಎರಡು ಕೈ ಜಾಸ್ತಿ ಹಚ್ಚಿ, ಒಣಗಿದ ಮೇಲೆ ಪ್ಲಾಸ್ಟಿಕ್ ಬುಷ್ ಹೊಡೆಯಿರಿ.