ಪಿಕಪ್ ಹೆಡ್‌ಲೈಟ್ ಮಂಕಾದರೆ, ಆರಿದರೆ: ವೈರಿಂಗ್ ದೋಷ ಹುಡುಕುವ ಬಗೆ

ಹೆಡ್‌ಲೈಟ್ ಕೈಕೊಟ್ಟಾಗ ಸಾಮಾನ್ಯವಾಗಿ ಮೊದಲು ಬಲ್ಬ್ ಬದಲಾಗುತ್ತದೆ, ಆಮೇಲೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಪುಟ್ಟ ಡಬ್ಬಿ), ಕೊನೆಗೆ ಸ್ಟೀರಿಂಗ್ ಬಳಿಯ ಕಾಂಬಿನೇಷನ್ ಸ್ವಿಚ್. ಇಷ್ಟಾದರೂ ದೀಪ ಮಂಕಾಗಿಯೇ ಇದ್ದರೆ, ಅಳೆಯದೆ ಬದಲಿಸಿದ್ದೇ ಅದಕ್ಕೆ ಕಾರಣ. ಬೇಕಾಗಿರುವುದು ಒಂದು ಡಿಜಿಟಲ್ ಮಲ್ಟಿಮೀಟರ್ ಮತ್ತು ಅದಕ್ಕೆ ಉದ್ದನೆಯ ಒಂದು ವೈರ್. ಇಲ್ಲಿರುವ ಲೆಕ್ಕವೆಲ್ಲ 12 ವೋಲ್ಟ್ ಬ್ಯಾಟರಿ, 60/55 ವ್ಯಾಟ್‌ನ (ಹೈ ಬೀಮ್ 60, ಡಿಪ್ 55) ಎಚ್4 ಹ್ಯಾಲೊಜನ್ ಬಲ್ಬ್ ಇರುವ ಗಾಡಿಗಳದ್ದು.

ಮೊದಲು ಲಕ್ಷಣ ನೋಡಿ. ಎರಡೂ ಬದಿಯಲ್ಲಿ ಡಿಪ್ಪೂ ಇಲ್ಲ, ಹೈ ಬೀಮೂ ಇಲ್ಲ ಎಂದರೆ ದೋಷ ಎರಡಕ್ಕೂ ಸೇರಿದ ಜಾಗದಲ್ಲಿದೆ: ಮುಖ್ಯ ಫ್ಯೂಸ್, ರಿಲೇ ಅಥವಾ ಸ್ವಿಚ್. ಒಂದೇ ಬದಿ ಆರಿದ್ದರೆ ಆ ಬದಿಯ ಬಲ್ಬ್, ಹೋಲ್ಡರ್, ಫ್ಯೂಸ್, ಅರ್ತ್ (ಕರೆಂಟು ಬಾಡಿಯ ಮೂಲಕ ಬ್ಯಾಟರಿ ನೆಗೆಟಿವ್‌ಗೆ ಮರಳುವ ಜೋಡಣೆ) ನೋಡಿ. ಹೈ ಬೀಮ್ ಸರಿಯಿದ್ದು ಎರಡೂ ಡಿಪ್ ಹೋಗಿದ್ದರೆ ಸ್ವಿಚ್ ಬಿಚ್ಚುವ ಮುಂಚೆ ಬಲ್ಬ್ ಬಿಚ್ಚಿ ನೋಡಿ. ಡಿಪ್ ಫಿಲಮೆಂಟೇ ಹೆಚ್ಚು ಹೊತ್ತು ಉರಿಯುವುದರಿಂದ ಎರಡೂ ಹೆಚ್ಚುಕಮ್ಮಿ ಒಟ್ಟಿಗೆ ಸುಡುವುದುಂಟು.

ಒಂದು ಬದಿ ಮಾತ್ರ ಮಂಕಾಗಿ, ಡಿಪ್ ಹಾಕಿದಾಗಲೂ ಮೀಟರ್ ಬೋರ್ಡಿನಲ್ಲಿ ಹೈ ಬೀಮ್ ತೋರಿಸುವ ನೀಲಿ ದೀಪ ಮಿಣುಕಿದರೆ ಆ ಬದಿಯ ಅರ್ತ್ ಕಡಿದಿದೆ ಎಂದೇ ಶಂಕಿಸಿ. ಎಚ್4 ಬಲ್ಬಿನ ಎರಡು ಫಿಲಮೆಂಟ್‌ಗೂ ಅರ್ತ್ ಪಿನ್ ಒಂದೇ. ಅದು ಬಿಟ್ಟುಹೋದಾಗ ಕರೆಂಟು ಡಿಪ್ ಫಿಲಮೆಂಟಿನಿಂದ ಹೈ ಬೀಮ್ ಫಿಲಮೆಂಟಿಗೆ ಹಾಯ್ದು, ಆ ವೈರಿನ ಮೂಲಕ ಇನ್ನೊಂದು ಬದಿಯ ಬಲ್ಬ್ ಹಾಗೂ ನೀಲಿ ದೀಪದ ದಾರಿಯಲ್ಲಿ ಅರ್ತ್ ಸೇರುತ್ತದೆ. (ಸ್ವಿಚ್ಚೇ ಅರ್ತ್ ಕೊಡುವ ಗಾಡಿಗಳೂ ಇವೆ, ಅಲ್ಲಿ ಈ ಲಕ್ಷಣ ನಂಬಬೇಡಿ, ಆ ಮಾಡೆಲ್‌ನ ವೈರಿಂಗ್ ನಕ್ಷೆ ನೋಡಿ.)

ಅಳೆಯುವಾಗ ಎಲ್ಲಕ್ಕಿಂತ ಮುಖ್ಯವಾದ ಮಾತು: ಬಲ್ಬ್ ಉರಿಯುತ್ತಿರುವಾಗಲೇ ಅಳೆಯಬೇಕು. ಹೋಲ್ಡರ್ ಕಳಚಿ ಅಳೆದರೆ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಬಲ್ಬ್ 4.5ರಿಂದ 5 ಆಂಪಿಯರ್ ಎಳೆದಾಗ ಮಾತ್ರ ಆ ಎಳೆಯ ಬಂಡವಾಳ ಬಯಲಾಗುತ್ತದೆ.

ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು ಡಿಪ್ ಹಾಕಿ. ಬ್ಯಾಟರಿ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಬರಬೇಕು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಕೆಂಪನ್ನು ಹೋಲ್ಡರಿನ ಹಿಂಬದಿಯಿಂದ ಅರ್ತ್ ಪಿನ್ನಿಗೆ ತಾಗಿಸಿ. 0.2 ವೋಲ್ಟ್ ದಾಟಿದರೆ ದೋಷ ಅರ್ತ್‌ನಲ್ಲಿದೆ. ಬಳಿಕ ಕೆಂಪನ್ನು ಬ್ಯಾಟರಿ ಪಾಸಿಟಿವ್‌ಗೆ, ಕಪ್ಪನ್ನು ಡಿಪ್ ಪಿನ್ನಿಗೆ ಇಡಿ. 0.5 ವೋಲ್ಟ್ ಮೀರಿದರೆ ಸಪ್ಲೈ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಸೋರುತ್ತಿದೆ. ಇದು ಸಣ್ಣ ಸಂಖ್ಯೆ ಎಂದು ಬಿಡಬೇಡಿ: ವೋಲ್ಟೇಜ್ ಶೇ. 10 ಇಳಿದರೆ ಹ್ಯಾಲೊಜನ್ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ರಾತ್ರಿ ಲೋಡ್ ಹೊತ್ತು ಘಾಟಿ ಇಳಿಯುವವರಿಗೆ ಅದು ಪ್ರಾಣದ ಪ್ರಶ್ನೆ.

ಸಪ್ಲೈ ದಾರಿಯನ್ನು ತುಂಡು ತುಂಡಾಗಿ ಅಳೆಯಿರಿ: ಬ್ಯಾಟರಿಯಿಂದ ರಿಲೇಯ 30ನೇ ಪಿನ್ (ಕರೆಂಟು ಒಳಬರುವ ಪಿನ್), 30ರಿಂದ 87 (ಹೊರಹೋಗುವ ಪಿನ್), ಫ್ಯೂಸಿನ ಎರಡು ತುದಿ, ಅಲ್ಲಿಂದ ಹೋಲ್ಡರ್. ರಿಲೇ ‘ಟಿಕ್’ ಎಂದ ಮಾತ್ರಕ್ಕೆ ಒಳಗಿನ ಕಾಂಟ್ಯಾಕ್ಟ್ ಚೆನ್ನಾಗಿದೆ ಎಂದಲ್ಲ. ಟಿಕ್ ಅನ್ನುವುದು 85–86ರ ಕಾಯಿಲ್. ರಿಲೇ ಆನ್ ಇದ್ದಾಗ 30–87ರ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಬದಲಿಸಿ.

ಅರ್ತ್ ಸರಿಪಡಿಸುವಾಗ ಬೋಲ್ಟ್ ಬಿಗಿ ಮಾಡಿದರಷ್ಟೇ ಸಾಲದು. ಬ್ಯಾಟರಿ ನೆಗೆಟಿವ್ ಕಳಚಿ, ಬೋಲ್ಟ್ ಬಿಚ್ಚಿ, ಬಾಡಿಯ ಪೇಂಟ್ ಮತ್ತು ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ವೈರ್ ತುದಿಯ ರಿಂಗ್ ಹಸಿರುಗಟ್ಟಿದ್ದರೆ ಕತ್ತರಿಸಿ ಹೊಸದು ಕ್ರಿಂಪ್ ಮಾಡಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಕರಾವಳಿಯಲ್ಲಿ ಮೀನು ಸಾಗಿಸುವ ಗಾಡಿಗಳಿಗೆ ಉಪ್ಪುನೀರು ತಾಗುವುದರಿಂದ ಅಲ್ಲಿ ಬಾಡಿಯನ್ನು ನೆಚ್ಚದೆ, ಹೆಡ್‌ಲೈಟ್‌ನಿಂದ ಬ್ಯಾಟರಿ ನೆಗೆಟಿವ್‌ಗೆ 2.5 ಚದರ ಮಿ.ಮೀ. ವೈರ್ ನೇರವಾಗಿ ಎಳೆಯುವುದೇ ಒಳ್ಳೆಯದು.

ಹೋಲ್ಡರ್ ಕರಗಿ ಕಂದಾಗಿದ್ದರೆ ಪಿನ್ ಸಡಿಲವಾಗಿದೆ, ಇಲ್ಲವೇ ಯಾರೋ 100/90 ವ್ಯಾಟ್ ಬಲ್ಬ್ ಹಾಕಿದ್ದಾರೆ. ಹಾಗಿದ್ದರೆ ಹೈ ಬೀಮ್‌ನಲ್ಲಿ ಎರಡು ಬಲ್ಬ್ ಸೇರಿ 16 ಆಂಪಿಯರ್ ದಾಟುತ್ತದೆ. ಕಂಪನಿ ವೈರಿಂಗ್ ಅದಕ್ಕೆ ಮಾಡಿದ್ದಲ್ಲ. 60/55ಕ್ಕೇ ಮರಳಿ, ಸೆರಾಮಿಕ್ ಹೋಲ್ಡರ್ ಹಾಕಿ. ಹೊಸ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬೇಡಿ, ಎಣ್ಣೆಯಂಶ ಅಂಟಿದ ಕಡೆ ಗಾಜು ಅತಿಯಾಗಿ ಬಿಸಿಯಾಗಿ ಬಲ್ಬ್ ಬೇಗ ಹೋಗುತ್ತದೆ. ಬಲ್ಬ್‌ಗಳು ಪದೇಪದೇ ಸುಡುತ್ತಿದ್ದರೆ ಎಂಜಿನ್ ರೇಸ್ ಮಾಡಿ ಬ್ಯಾಟರಿ ವೋಲ್ಟೇಜ್ ನೋಡಿ. 15ಕ್ಕೆ ಏರಿದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿದೆ.

ಫ್ಯೂಸ್ ಮತ್ತೆ ಮತ್ತೆ ಹಾರುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ, ತಂತಿ ಸುತ್ತಲೂ ಬೇಡ. ಗಾಡಿಗೆ ಬೆಂಕಿ ಹತ್ತುವುದು ಹೀಗೆಯೇ. ಎರಡೂ ಹೆಡ್‌ಲೈಟ್ ಹೋಲ್ಡರ್ ಕಳಚಿ, ಫ್ಯೂಸ್ ಜಾಗದಲ್ಲಿ 21 ವ್ಯಾಟ್‌ನ ಒಂದು ಇಂಡಿಕೇಟರ್ ಬಲ್ಬನ್ನು ವೈರ್‌ಗಳಿಂದ ಜೋಡಿಸಿ, ಲೈಟ್ ಸ್ವಿಚ್ ಹಾಕಿ. ಬಲ್ಬ್ ಜೋರಾಗಿ ಉರಿದರೆ ವೈರ್ ಬಾಡಿಗೆ ತಾಗಿದೆ. ಆಗ ಹಾರ್ನೆಸ್ಸನ್ನು (ವೈರ್‌ಗಳ ಕಟ್ಟನ್ನು) ರೇಡಿಯೇಟರ್ ಫ್ರೇಮಿನ ಅಂಚಿನಲ್ಲಿ, ಬ್ಯಾಟರಿ ಟ್ರೇ ಹಿಂದೆ, ಕ್ಯಾಬಿನ್ನಿಗೆ ವೈರ್ ನುಗ್ಗುವ ರಬ್ಬರ್ ಬಳಿ, ಸ್ಟೀರಿಂಗ್ ಕಂಬದ ಕೆಳಗೆ ಒಂದೊಂದಾಗಿ ಅಲುಗಾಡಿಸಿ. ಎಲ್ಲಿ ಅಲುಗಿಸಿದಾಗ ಬಲ್ಬ್ ಆರುತ್ತದೋ ಅಲ್ಲಿ ಟೇಪ್ ಬಿಚ್ಚಿ, ಸವೆದ ವೈರಿಗೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಮತ್ತೆ ಉಜ್ಜದಂತೆ ಕ್ಲಿಪ್ ಮಾಡಿ.