ಮೊದ್ಲು ಆಟ, ಆಮೇಲೆ ಊಟ

ಬೆಂಗಳೂರಿನ ಲಗ್ಗೆರೆ ಕಡೆ ಒಂದು ಸರ್ಕಾರಿ ಪ್ರಾಥಮಿಕ ಶಾಲೇಲಿ ಟೀಚರ್ ನಾನು. ಪಿಟಿ ಮೇಷ್ಟ್ರು ಇಲ್ಲ, ಮೈದಾನ ಅಂತ ಇರೋದು ಹೆಚ್ಚುಕಮ್ಮಿ ಒಂದು ತರ್ಟಿ ಫಾರ್ಟಿ ಸೈಟಿನಷ್ಟು ಜಾಗ, ಅದ್ರಲ್ಲೂ ಒಂದ್ ಮೂಲೆ ಹೊಂಗೆ ಮರಕ್ಕೆ, ಇನ್ನೊಂದ್ ಮೂಲೆ ಹೆಡ್‌ಮಾಸ್ಟ್ರು, ಅಂದ್ರೆ ಎಚ್ಎಂ ಸರ್ ಸ್ಕೂಟರಿಗೆ.

ಮಕ್ಕಳು ಸರಿಯಾಗಿ ತಿನ್ಲಿ ಅಂತ ಮೊದ್ಲು ನಾನು ಮಾಡಿದ್ದು ಭಾಷಣ. ಸೊಪ್ಪು ತಿನ್ನಿ, ತರಕಾರಿ ತಿನ್ನಿ, ಚಿಪ್ಸ್ ಬೇಡ. ಮಕ್ಕಳು ಹೂಂ ಮಿಸ್ ಅಂತಾರೆ, ಬೆಲ್ ಹೊಡೆದ ತಕ್ಷಣ ಗೇಟಿನೆದುರು ಅಂಗಡೀಲಿರ್ತಾರೆ. ಆಮೇಲೆ ಪ್ಯಾಕೆಟ್ ಕಿತ್ಕೊಳ್ಳೋಕ್ ಶುರು ಮಾಡ್ದೆ. ಮೂರನೇ ಕ್ಲಾಸಿನ ಒಬ್ಳು ಹುಡುಗಿ ಅತ್ಕೊಂಡು ಮನೆಗೆ ಹೋದ್ಲು, ಮಾರನೇ ದಿನ ಅವಳಮ್ಮ ಬಂದ್ರು, ಗಾರ್ಮೆಂಟ್ಸ್‌ಗೆ ಹೋಗೋರು. ಜಗಳ ಏನ್ ಆಡ್ಲಿಲ್ಲ. "ಎಂಟೂವರೆಗೆ ಫ್ಯಾಕ್ಟ್ರಿ ಗೇಟಲ್ಲಿ ಇರ್ಬೇಕು ಮಿಸ್, ಒಂದೊಂದ್ ದಿನ ತಿಂಡಿ ಮಾಡೋಕೇ ಆಗಲ್ಲ, ಹಸ್ಕೊಂಡಿರ್ಬಾರ್ದು ಅಂತ ಐದ್ ರೂಪಾಯಿ ಕೊಡ್ತೀನಿ" ಅಂದ್ರು ಅಷ್ಟೆ. ನಂಗೆ ಮುಖ ಎತ್ತಿ ನೋಡೋಕಾಗ್ಲಿಲ್ಲ.

ಹಾಗಂತ ಶಾಲೇಲಿ ತಿನ್ನೋಕೆ ಏನೂ ಇಲ್ಲ ಅಂತಲ್ಲ. 2013ರಿಂದ ಸರ್ಕಾರದ ಕ್ಷೀರಭಾಗ್ಯ ಯೋಜನೆಯ 150 ಮಿಲಿ ಹಾಲಿದೆ, 2024ರಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರ್ಕೊಳ್ತು, ಅದೇ ವರ್ಷ ಮೊಟ್ಟೆ ವಾರಕ್ಕೆ ಆರು ದಿನ ಆಯ್ತು, ಮೊಟ್ಟೆ ತಿನ್ನದವ್ರಿಗೆ ಬಾಳೆಹಣ್ಣು. ಬಿಸಿಯೂಟದ ಲೆಕ್ಕದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, 12 ಗ್ರಾಂ ಪ್ರೋಟೀನ್, 450 ಕ್ಯಾಲರಿ. ಆದ್ರೆ ಅದು ಪೇಪರಲ್ಲಿ. ಹೊಟ್ಟೆಗೆ ಎಷ್ಟು ಹೋಗ್ತಿದೆ ಅಂತ ತಿಳ್ಕೊಳ್ಳೋಕೆ ಒಂದು ವಾರ ತಟ್ಟೆ ತೊಳೆಯೋ ಜಾಗದಲ್ಲಿ ಬಕೆಟ್ ಪಕ್ಕ ನಿಂತೆ. ಬೀನ್ಸು, ಸೋರೆಕಾಯಿ, ಸೊಪ್ಪು ಎಲ್ಲಾ ಬಕೆಟ್ಟಿಗೇ, ಸಾಂಬಾರಿನ ಜೊತೆ ಅರ್ಧಕ್ಕರ್ಧ ಅನ್ನಾನೂ. ದಿನಕ್ಕೆ ಒಂದೂವರೆ ಬಕೆಟ್ ತುಂಬ್ತಿತ್ತು.

ಅಲ್ಲಿ ನಿಂತಾಗ್ಲೇ ಕಣ್ಣಿಗೆ ಬಿದ್ದಿದ್ದು, ಮಕ್ಕಳಿಗೆ ರುಚಿ ಸೇರ್ತಿಲ್ಲ ಅನ್ನೋದಕ್ಕಿಂತ ಅವ್ರಿಗೆ ಅರ್ಜೆಂಟು. ನಾಕ್ ತುತ್ತು ಬಾಯಿಗೆ ಹಾಕ್ಕೊಂಡು ಉಳಿದಿದ್ದು ಸುರಿದು ಆಟಕ್ಕೆ ಓಡೋದು, ಲೇಟಾದ್ರೆ ಬ್ಯಾಟಿಂಗ್ ಹೋಗುತ್ತಲ್ಲ. ಹಂಗಾದ್ರೆ ಆಟಾನೇ ಮೊದ್ಲು ಮುಗಿಸಿಬಿಟ್ರೆ? ಊಟದ ಬಿಡುವಿನ ಮೊದಲ ಇಪ್ಪತ್ತು ನಿಮಿಷ ಆಟ, ಆಮೇಲೆ ಎಲ್ರೂ ಕೂತು ಊಟ. ಎಚ್ಎಂ ಸರ್ ಒಪ್ಲಿಲ್ಲ, ಮಣ್ಣು ಕೈ ಮೇಡಂ, ನೂರ ನಲವತ್ತು ಮಕ್ಕಳಿಗೆ ಮೂರು ನಲ್ಲಿ ಅಂದ್ರು, ಅವ್ರು ಹೇಳಿದ್ದೂ ಸರಿನೇ, ಮೊದಲನೇ ದಿನ ಕೈ ತೊಳೆಯೋ ಕ್ಯೂಲೇ ಹದಿನೈದು ನಿಮಿಷ ಹೋಗಿ ಊಟ ಮುಗಿಯೋಷ್ಟ್ರಲ್ಲಿ ಮುಂದಿನ ಪೀರಿಯಡ್ಡೇ ಅರ್ಧ ಆಗಿತ್ತು. ಪ್ಲಂಬಿಂಗ್ ಕೆಲ್ಸ ಮಾಡೋ ಒಬ್ರು ಅಪ್ಪ ಒಂದು ಭಾನುವಾರ ಬಂದು ಗೋಡೆಗೆ ಉದ್ದಕ್ಕೆ ಪಿವಿಸಿ ಪೈಪ್ ಹೊಡೆದು ಆರು ನಲ್ಲಿ ಕೂರಿಸಿಕೊಟ್ರು, ಸಾಮಾನಿನ ದುಡ್ಡು ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿ ಎಸ್‌ಡಿಎಂಸಿಯಿಂದ. ಅದಾದ್ಮೇಲೇ ಇದು ಹಳಿಗೆ ಬಂದಿದ್ದು. ಎರಡು ತಿಂಗಳಲ್ಲಿ ಬಕೆಟ್ ಅರ್ಧಕ್ಕೆ ಇಳೀತು. ಆಡಿ ಬೆವತು ಬಂದ ಮಗು ಸೋರೆಕಾಯಿ ಅಂತ ಮುಖ ನೋಡಲ್ಲ ರೀ, ತಿನ್ನುತ್ತೆ. ನಾವು ಟೀಚರ್‌ಗಳೂ ಡಬ್ಬಿ ಬಿಟ್ಟು ಅವ್ರ ಸಾಲಲ್ಲೇ ಅದೇ ಸಾಂಬಾರ್ ಊಟ ಮಾಡ್ತೀವೀಗ, ಅದೂ ಒಂದು ಕಾರಣ ಇರ್ಬೋದು.

ಆಟದ್ದು ಬೇರೆ ಕಥೆ. ಇಡೀ ಜಾಗ ಗಂಡ್ಮಕ್ಕಳ ಕ್ರಿಕೆಟ್ಟಿಗೆ, ಐದು ಆರನೇ ಕ್ಲಾಸಿನ ಹುಡುಗೀರು ಕಟ್ಟೆ ಮೇಲೆ ಕೂತು ಮಾತಾಡೋದು. ಪೇಂಟ್ ತಂದು ನೆಲದ ಮೇಲೆ ಮೂರು ಕುಂಟೆಬಿಲ್ಲೆ ಬರೆಸ್ದೆ, ಯಾರೂ ಬರ್ಲಿಲ್ಲ. ಕೊನೆಗೆ ನಾನೇ ಸೀರೆ ಸೆರಗು ಸೊಂಟಕ್ಕೆ ಸಿಗ್ಸಿ, ಹೆಂಚಿನ ಚೂರು ಎಸೆದು ಕುಂಟಿದೆ, ನಾಕನೇ ಮನೇಲಿ ಗೆರೆ ತುಳಿದೆ. "ಮಿಸ್ ಔಟ್!" ಅಂತ ಕಿರುಚ್ಕೊಂಡು ಕಟ್ಟೆ ಖಾಲಿ ಆಯ್ತು ನೋಡಿ. ಈಗ ಅದ್ರ ಮೇಲೇ ಮೂರರ ಮಗ್ಗಿ, ಒಂದೊಂದು ನೆಗೆತಕ್ಕೆ ಮೂರು, ಆರು, ಒಂಬತ್ತು. ಹಗ್ಗ, ಲಗೋರಿ, ಜಾಗ ಇದ್ದಷ್ಟು ಖೋ ಖೋ. ಈ ವಯಸ್ಸಿನ ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಬೆವರ್ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ನಮ್ದು ಎಲ್ಲಾ ಸೇರಿ ನಲವತ್ತು ದಾಟಲ್ಲ. ಮನೆ ಹತ್ರ ಆಡ್ಲಿ ಅನ್ನೋಕೆ ಇಲ್ಲಿನ ಗಲ್ಲಿಗಳಲ್ಲಿ ಗಾಡಿ ನಿಂತು ನಡಿಯೋಕೇ ಜಾಗ ಇಲ್ಲ. ಮಾರ್ಚಲ್ಲಿ ಬಿಸಿಲು ಜಾಸ್ತಿ ಆದಾಗ ಹೊಂಗೆ ನೆರಳಲ್ಲಿ ಕ್ಲಾಸ್ ಪ್ರಕಾರ ಸರದಿ.

ಶನಿವಾರ ಕವಾಯತು ಮುಗಿದ್ಮೇಲೆ ತಿಂಗಳಿಗೊಂದ್ಸಲ ಕೋಸಂಬರಿ. ಒಲೆ ಬೇಡ, ನೆನೆಸಿದ ಹೆಸರುಬೇಳೆ, ಕ್ಯಾರೆಟ್ ತುರಿ, ನಿಂಬೆಹಣ್ಣು, ಅವ್ರೇ ತುರೀತಾರೆ ಅವ್ರೇ ಕಲಸ್ತಾರೆ. ಮೊದಲನೇ ಸಲ ಉಪ್ಪು ಹಾಕೋ ಜವಾಬ್ದಾರಿ ಇಬ್ರಿಗೆ ಕೊಟ್ಬಿಟ್ಟಿದ್ದೆ, ಇಬ್ರೂ ಹಾಕಿದ್ರು. ಆದ್ರೂ ಖಾಲಿ!

ಇನ್ನು ಎದುರಿನ ಅಂಗಡಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ನಿಯಮದಲ್ಲಿ ಶಾಲೆ ಗೇಟಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿಂಡಿ ಮಾರಂಗಿಲ್ಲ, ನಮ್ ಗೇಟಿಂದ ಅಲ್ಲಿಗೆ ಹದಿನೈದು ಹೆಜ್ಜೆ. ಕಂಪ್ಲೇಂಟ್ ಕೊಡೋಕೆ ಮನಸ್ಸು ಬರ್ಲಿಲ್ಲ, ಅಂಗಡಿ ಆಂಟಿದೂ ಅದೇ ಜೀವನ. ಹೋಗಿ ಮಾತಾಡ್ದೆ. ಬೇಯಿಸಿದ ಕಡ್ಲೆಕಾಯಿ, ಚಿಕ್ಕಿ ಇಟ್ಟಿದ್ದಾರೆ, ಮುಂದುಗಡೆ ನೇತಾಡ್ತಿದ್ದ ಚಿಪ್ಸ್ ಸರ ಒಳಗಡೆ ಹೋಗಿದೆ. ಏಲಕ್ಕಿ ಬಾಳೆ ಮಾತ್ರ ಬೇಡ ಅಂದ್ರು, ಎರಡೇ ದಿನಕ್ಕೆ ಕಪ್ಪಾಗುತ್ತೆ, ಆ ದುಡ್ಡು ನೀವ್ ಕೊಡ್ತೀರಾ ಮಿಸ್ ಅಂತ.